ಶುದ್ಧ ಸಸ್ಯಾಹಾರಿ ಟ್ಯೂನಾ ದೋಣಿ

ಸಮಸ್ತ ಸಿಬ್ಬಂದಿವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಈ ಕಚೇರಿಯ ನಾಲ್ಕು ಗೋಡೆಗಳ ನಡುವೆಯೂ, ಕಚೇರಿಗೆ ಸಂಬಂಧಪಟ್ಟ ಲಿಫ್ಟು, ಮೆಟ್ಟಿಲು ಹಾಗೂ ಸ್ಕೂಟರ್ ನಿಲ್ಲಿಸುವ ಜಾಗದಲ್ಲೂ 'ಮೀನು' ಎಂಬ ಶಬ್ದವನ್ನು ಯಾವುದೇ ಭಾಷೆಯಲ್ಲಿ ಉಚ್ಚರಿಸತಕ್ಕದ್ದಲ್ಲ. ಅದರ ಬದಲಿಗೆ 'ಮಾಲು' ಎನ್ನತಕ್ಕದ್ದು.

ಅಹಮದಾಬಾದಿನ ಆಶ್ರಮ ರಸ್ತೆಯ ಆ ಕಚೇರಿಯಲ್ಲಿ ಸುತ್ತೋಲೆಯನ್ನು ಕುಡಿಯುವ ನೀರಿನ ಕೂಲರಿನ ಮೇಲೆ ಅಂಟಿಸಿ, ಶುಭವಾಗಲೆಂದು ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿದ್ದರು. ಕಂಪನಿ ಹುಟ್ಟಿದ್ದೇ ಅರಬ್ಬಿ ಸಮುದ್ರದಲ್ಲಿ ಟ್ಯೂನಾ ಮೀನು ಹಿಡಿದು ಜಪಾನಿಗೆ ಕಳಿಸುವುದಕ್ಕೆ ಎಂಬ ಒಂದು ಸಣ್ಣ ಸಂಗತಿಯನ್ನು ಬಿಟ್ಟರೆ, ಸುತ್ತೋಲೆಯಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ.

ವಾಮನ ಹರಿಕಂತ್ರ ನೀರಿನ ಲೋಟ ಹಿಡಿದುಕೊಂಡು ಅದನ್ನು ಎರಡು ಸಲ ಓದಿದ. ಆ ಇಡೀ ಕಚೇರಿಯಲ್ಲಿ ಟ್ಯೂನಾವನ್ನು ಜೀವಂತ ನೋಡಿದವನು ಅವನೊಬ್ಬನೇ. ಉಳಿದವರು ನೋಡಿದ್ದು ಡಬ್ಬಿಯ ಮೇಲಿನ ಚಿತ್ರವನ್ನು, ಅದನ್ನೂ ಅರ್ಧ ಕಣ್ಣು ಮುಚ್ಚಿಕೊಂಡು.

ಉತ್ತರ ಕನ್ನಡದ ತದಡಿ ಬಂದರಿನವನು ವಾಮನ. ಮೀನುಗಾರಿಕೆಯಲ್ಲಿ ಡಿಪ್ಲೊಮಾ ಮಾಡಿ, ಮೀಸೆ ಗಟ್ಟಿಯಾಗುವ ವಯಸ್ಸಿನಲ್ಲಿ ಲಕ್ಷದ್ವೀಪದ ಮಿನಿಕಾಯ್‌ಗೆ ತರಬೇತಿಗೆ ಹೋಗಿದ್ದ. ಅಲ್ಲಿ ಒಂದು ಹಂಗಾಮು ದೋಣಿಯ ಹಿಂಬದಿಯಲ್ಲಿ ಬಿದಿರಿನ ಗಳ ಹಿಡಿದು ನಿಂತಿದ್ದ. ಜೀವಂತ ಚಿಕ್ಕಮೀನುಗಳನ್ನು ಬೊಗಸೆಯಲ್ಲಿ ಎರಚುತ್ತಾರೆ. ಮೇಲಿಂದ ನೀರು ಚಿಮುಕಿಸುತ್ತಾರೆ. ಕೆಳಗಿನ ಟ್ಯೂನಾಗಳಿಗೆ ಮೇಲೆ ಹಬ್ಬ ನಡೆಯುತ್ತಿದೆ ಎನ್ನಿಸಿ ಕಡಲು ಹಾಲು ಉಕ್ಕಿದಂತೆ ಉಕ್ಕುತ್ತದೆ. ಆಗ ಮುಳ್ಳಿಲ್ಲದ ಗಾಳ ಇಳಿಬಿಟ್ಟು ಎಳೆದರೆ, ಮೀನು ತಲೆಯ ಮೇಲಿಂದ ಹಾರಿ ಬೆನ್ನ ಹಿಂದೆ ಧೊಪ್ಪನೆ ಬೀಳುತ್ತದೆ, ಗಾಳ ತಾನಾಗಿ ಕಳಚುತ್ತದೆ, ತಿರುಗಿ ನೋಡುವ ಕೆಲಸವಿಲ್ಲ. ಆ ಧೊಪ್ ಸದ್ದನ್ನು ಕಿವಿಯಲ್ಲಿಟ್ಟುಕೊಂಡು ಊರಿಗೆ ಬಂದವನಿಗೆ ಕಡಲಿನ ಕೆಲಸ ಸಿಗಲಿಲ್ಲ. ವಡೋದರಕ್ಕೆ ಬಂದು ಸಬ್‌ಮರ್ಸಿಬಲ್ ಪಂಪು ಮಾರಿದ. ಕಡಲ ಆಳ ಅಳೆಯಬೇಕಾದವನು ತಲೆಗೂದಲು ನರೆಯುವವರೆಗೆ ಕೊಳವೆಬಾವಿಯ ಆಳ ಅಳೆದ.

ಅಂಥವನ ಪಾಲಿಗೆ ಬಂದವರು ಪ್ರಬೋಧಭಾಯಿ. ಬಟ್ಟೆಗೆ ಹಾಕುವ ಬಣ್ಣದ ವ್ಯಾಪಾರಿ. ಯಾವುದೋ ಯಂತ್ರ ನೋಡಲು ಜಪಾನಿಗೆ ಹೋಗಿದ್ದಾಗ ಅಲ್ಲಿ ಒಂದೇ ಒಂದು ಟ್ಯೂನಾ ಹರಾಜಾಗುವುದನ್ನು ಕಂಡರು. ಮೀನಿನ ಕಡೆ ನೋಡಲಿಲ್ಲವಂತೆ, ಹರಾಜಿನ ಕಡೆ ಮಾತ್ರ ನೋಡಿದರಂತೆ. ಮರಳಿ ಬಂದವರೇ ಕಂಪನಿ ತೆರೆದು, ಟ್ಯೂನಾ ಬಲ್ಲವರನ್ನು ಹುಡುಕಿದರು.

ಸಂದರ್ಶನದ ದಿನ ವಾಮನನ ಹೆಸರನ್ನು ಅವರು ನಾಲಗೆಯ ಮೇಲಿಟ್ಟು ಸವಿದಿದ್ದರು. "ವಾಮನ ಅಂದ್ರೂ ವಿಷ್ಣು. ಹರಿ ಅಂದ್ರೂ ವಿಷ್ಣು. ಡಬಲ್ ವೈಷ್ಣವ. ಶಾಕಾಹಾರಿ ತಾನೇ?"

ಕಾರವಾರದಿಂದ ಭಟ್ಕಳದವರೆಗೆ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ, ಹರಿಕಂತ್ರರೆಂದರೆ ತಲೆತಲಾಂತರದಿಂದ ಮೀನು ಹಿಡಿಯುವವರು. ಆದರೆ ಸಾಬರಮತಿಯ ದಂಡೆಯಲ್ಲಿ ಅಂಥ ಕೂಸು ಒಂದೂ ಇರಲಿಲ್ಲ. ವಾಮನ ತಲೆಯಾಡಿಸಿದ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ದಕ್ಷಿಣದವರ ತಲೆ ಆಡುವುದೇ ಹಾಗೆ. ಪ್ರಬೋಧಭಾಯಿ ತಮಗೆ ಬೇಕಾದ ದಿಕ್ಕಿಗೆ ಅದನ್ನು ಓದಿಕೊಂಡು "ಸಾರುಂ" ಎಂದರು. ಗುಜರಾತಿಯಲ್ಲಿ ಹಾಗೆಂದರೆ 'ಒಳ್ಳೆಯದು'. ವಾಮನನ ಊರಿನಲ್ಲಿ ಸಾರು ಒಳ್ಳೆಯದಾಗಬೇಕಾದರೆ ಅದರಲ್ಲಿ ಬಂಗಡೆ ಇರಬೇಕು.

"ಒಂದು ಸೀಸನ್ ನೋಡೋಣ," ಎಂದೂ ಹೇಳಿದರು. "ಆಗಲಿಲ್ಲವೋ, ಸೋಲಾರ್ ಹೀಟರ್ ಧಂಧೆ ಕಣ್ಣಲ್ಲಿ ಇಟ್ಟಿದ್ದೀನಿ. ಅದರಲ್ಲೂ ನಿಮ್ಮ ಪಂಪಿನ ಅನುಭವ ಕೆಲಸಕ್ಕೆ ಬರುತ್ತೆ."

ಅಂದರೆ ದೀಪಾವಳಿ ಮುಗಿಯುತ್ತಿದ್ದಂತೆ ದೋಣಿ ಕಡಲಿಗಿಳಿದು ಬೇಸಗೆಯೊಳಗೆ ಮೀನು ತಂದರೆ ವಾಮನ ಸಮುದ್ರದವನು. ಇಲ್ಲವಾದರೆ ಆಯುಷ್ಯವಿಡೀ ಪಂಪಿನವನು. ಅವನಿಗೆ ಇನ್ನೊಬ್ಬ ಪ್ರಬೋಧಭಾಯಿ ಸಿಗುವ ವಯಸ್ಸು ದಾಟಿತ್ತು.

*

"ಇಷ್ಟು ದೊಡ್ಡ ಸಮುದ್ರದಲ್ಲಿ ಮಾಲು ಎಲ್ಲಿದೆ ಅಂತ ಹೆಂಗೆ ಗೊತ್ತಾಗುತ್ತೆ, ವಾಮನ್‌ಭಾಯ್?" ಪ್ರಬೋಧಭಾಯಿ ಒಂದು ಮಧ್ಯಾಹ್ನ ಢೋಕ್ಲಾದ ತಟ್ಟೆ ಮುಂದೆ ತಳ್ಳಿ ಕೇಳಿದರು. ಅವರಿಬ್ಬರ ಮಾತು ಹಿಂದಿಯಲ್ಲಿ ಹೊರಟು, ದಾರಿಯಲ್ಲಿ ಗುಜರಾತಿಯನ್ನು ಹತ್ತಿಸಿಕೊಂಡು ಹೋಗುತ್ತಿತ್ತು.

"ಮೊದಲು ಹಕ್ಕಿ ನೋಡಬೇಕು ಶೇಠ್‌ಜಿ. ಹಕ್ಕಿಗಳು ಎತ್ತರದಲ್ಲಿ ಸುಮ್ಮನೆ ಸುತ್ತು ಹೊಡೀತಿದ್ರೆ ಮಾಲು ಆಳದಲ್ಲಿದೆ ಅಂತ. ಕೆಳಗೆ ಬಂದು ನೀರಿಗೆ ಕುಕ್ಕುತ್ತಿದ್ರೆ ಮಾಲು ಮೇಲೆ ಬಂದಿದೆ, ಸಣ್ಣ ಮಾಲನ್ನ ಅಟ್ಟಿಸಿಕೊಂಡು."

"ಮಾಲು ಮಾಲನ್ನ ತಿನ್ನುತ್ತಾ?"

"ದೊಡ್ಡ ಮಾಲು ಸಣ್ಣ ಮಾಲನ್ನ ತಿನ್ನುತ್ತೆ."

ಪ್ರಬೋಧಭಾಯಿ ಢೋಕ್ಲಾ ಕೆಳಗಿಟ್ಟು ಯೋಚಿಸಿದರು. "ಮಾಂಸಾಹಾರಿ ಮಾಲು. ಹಂಗಾದ್ರೆ ಹಿಡಿಯೋದ್ರಲ್ಲಿ ಪಾಪ ಕಮ್ಮಿ."

ವಾಮನ ಹೇಳುತ್ತ ಹೋದ. ತೇಲುವ ಮರದ ದಿಮ್ಮಿ ಕಂಡರೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು, ಕಡಲಿನಲ್ಲಿ ನೆರಳಿಗೆ ಬಡತನ, ದಿಮ್ಮಿಯಡಿ ಸಣ್ಣವು ಸೇರುತ್ತವೆ, ಸಣ್ಣವನ್ನು ಹುಡುಕಿ ದೊಡ್ಡವು ಬರುತ್ತವೆ. ಗಾಳಿಯಿಲ್ಲದ ಜಾಗದಲ್ಲಿ ನೀರು ಮಾತ್ರ ಸುಕ್ಕುಗಟ್ಟಿದ್ದರೆ ಅದು ಗಾಳಿಯ ಸುಕ್ಕಲ್ಲ, ಬೆನ್ನುಗಳ ಸುಕ್ಕು. ನೀಲಿ ನೀರು ಹಸಿರು ನೀರಿಗೆ ತಗಲುವ ಗೆರೆಯನ್ನು ಬಿಡಬಾರದು. ಈಗ ಉಪಗ್ರಹ ಮೇಲಿಂದ ಕಡಲಿನ ಜ್ವರ ನೋಡಿ, ಬಿಸಿನೀರು ತಣ್ಣೀರು ಸೇರುವ ಜಾಗದ ನಕ್ಷೆ ಮಾಡುತ್ತದೆ. ಸರ್ಕಾರದವರು ಅದನ್ನು ಫ್ಯಾಕ್ಸಿನಲ್ಲಿ ಕಳಿಸುತ್ತಾರೆ. ಅಂಥ ಒಂದು ಫ್ಯಾಕ್ಸನ್ನು ಪ್ರಬೋಧಭಾಯಿ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಮಾರ್ಕೆಟ್ ಮೇಲೆ ಹೋಗ್ತಿದೆ," ಎಂದರು.

"ಬಲೆ ಹಾಕಿಬಿಟ್ರೆ ಬೇಗ ಆಗಲ್ವಾ?"

"ಬಲೆಗೆ ಬಿದ್ದದ್ದು ಒದ್ದಾಡುತ್ತೆ ಶೇಠ್‌ಜಿ. ಈ ಮಾಲು ಬೇರೆ ಮಾಲಿನ ಹಾಗಲ್ಲ. ಈಜ್ತಾ ಇದ್ರೇ ಉಸಿರು. ನಿಂತ್ರೆ ಸತ್ತಹಾಗೆ."

"ನಮ್ಮ ಸೇಲ್ಸ್‌ನವರ ಥರ."

"ಅದರ ರಕ್ತ ಬಿಸಿ. ಒದ್ದಾಡಿದಷ್ಟೂ ಅದರ ಮಾಂಸ ಒಳಗೇ ಬೇಯುತ್ತೆ. ಜಪಾನಿನವರು ಹಸಿಯಾಗಿ ತಿನ್ನೋದು, ಬೆಂದದ್ದು ಅವರಿಗೆ ಬೇಡ. ಅದಕ್ಕೇ ಉದ್ದಹಗ್ಗ ಬೇಕು." ವಾಮನ ಮೇಜಿನ ಮೇಲೆ ಬೆರಳಿನಿಂದ ಎಳೆದು ತೋರಿಸಿದ. ಕಣ್ಣು ಹಾಯುವವರೆಗೆ ಒಂದು ತಾಯಿಹಗ್ಗ, ಅಲ್ಲಲ್ಲಿ ತೇಲುಬುಡ್ಡೆ, ನಡುನಡುವೆ ತೊಟ್ಟಿಲಿನ ಹಗ್ಗದಂತೆ ಇಳಿಬಿದ್ದ ಮರಿಹಗ್ಗಗಳು, ಒಂದೊಂದರ ತುದಿಗೂ ಒಂದು ಕೊಕ್ಕೆ. ಬಿಸಿಲಿಗೆ ಕಾದ ನೀರು ಮುಗಿದು ಥಂಡಿ ನೀರು ಶುರುವಾಗುವ ಪದರ ಇರುತ್ತದೆ. ಕೊಕ್ಕೆ ಅಲ್ಲಿ ನಿಲ್ಲಬೇಕು. ಹೆಚ್ಚು ಇಳಿದರೆ ಖಾಲಿ, ಕಮ್ಮಿ ಇಳಿದರೆ ಬರೀ ಶಾರ್ಕು. ಬೆಳಕು ಹರಿಯುವ ಮೊದಲು ಬಿಟ್ಟು ಬಿಸಿಲು ಇಳಿಯುವಾಗ ಎಳೆಯಬೇಕು. ಎಳೆಯುವ ರಾಟೆ ಜಗ್ಗಬಾರದು, ಸಡಿಲಬಾರದು, ಮಗುವಿನ ಕೈ ಹಿಡಿದು ನಡೆಸಿದಂತೆ ತರಬೇಕು.

"ಮೇಲೆ ಬಂದ ಕೂಡಲೇ," ಎಂದು ವಾಮನ ಪೆನ್ನು ಎತ್ತಿಕೊಂಡು ತನ್ನದೇ ಹಣೆಯ ನಡುವೆ ಮುಟ್ಟಿಸಿದ, "ಇಲ್ಲಿ ಒಂದೇ ಏಟು. ಆಮೇಲೆ ರೆಕ್ಕೆಯ ಹಿಂದೆ ಕೊಯ್ದು ರಕ್ತ..."

ಪ್ರಬೋಧಭಾಯಿ ಎರಡೂ ಅಂಗೈ ಎತ್ತಿ ತಡೆದರು. "ಬಸ್. ಅದು ದೋಣಿಯಾಳುಗಳ, ಖಲಾಸಿಗಳ ಡಿಪಾರ್ಟ್‌ಮೆಂಟು. ಕೊಲ್ಲೋರು ಅವರು, ಕಳಿಸೋರು ನಾವು. ನಡುವೆ ಐಸ್ ಇದೆಯಲ್ಲ, ಅಷ್ಟು ದೂರ ಸಾಕು."

*

ಪಾಲಡಿಯಲ್ಲಿ ವಾಮನನ ಸಂಸಾರ ಇದ್ದ ಫ್ಲ್ಯಾಟನ್ನು ಕೊಡಿಸಿದ್ದೂ ಪ್ರಬೋಧಭಾಯಿಯೇ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತಿನ ಸೊಸೈಟಿ. ಹೆಂಡತಿ ಮಂದಾಕಿನಿ ತದಡಿಯಿಂದ ತಂದ ಒಣಸೀಗಡಿಯನ್ನು ಹಿಂಗಿನ ಡಬ್ಬಿಯಲ್ಲಿ, ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ, ಪ್ಲಾಸ್ಟಿಕ್ಕನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಳು. ತಿಂಗಳಿಗೊಮ್ಮೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಒಂದು ಕಟ್ಟು ಊದುಬತ್ತಿ ಹಚ್ಚಿ ಸೀಗಡಿ ಚಟ್ನಿ ಹುರಿಯುತ್ತಿದ್ದಳು. ಪಕ್ಕದ ಮನೆಯವರಿಗೆ ಈ ದಕ್ಷಿಣದ ಹೆಂಗಸಿನ ದೈವಭಕ್ತಿಯ ಮೇಲೆ ಅಪಾರ ಗೌರವ.

"ತದಡಿಯಲ್ಲಿ ಮೀನು ಹುರಿದ್ರೆ ಬೆಕ್ಕು ಬರ್ತಿತ್ತು. ಇಲ್ಲಿ ಸೆಕ್ರೆಟರಿ ಬರ್ತಾನೆ," ಅವಳು ಅಂದಳು. "ಬೆಕ್ಕಿಗಾದ್ರೆ ಒಂದು ತಲೆ ಹಾಕಿ ಕಳಿಸ್ಬೋದಿತ್ತು."

"ಒಂದು ಸೀಸನ್ ಮಾರಾಯ್ತಿ. ದೋಣಿ ಹೋಗಿ ಬರ್ಲಿ, ಆಮೇಲೆ ನಾನೇ ಹೇಳ್ತೆ. ಮೀನು ತಂದವನ ಬಾಯಿ ಯಾರು ಮೂಸಿ ನೋಡ್ತ್ರು?"

"ಹೇಳುದಾದ್ರೆ ಈಗ ಹೇಳಿ. ನಿಮ್ಮ ಮಗಳು ನಿಕಿತಾ ಮೊನ್ನೆ ಶಾಲೆಯಲ್ಲಿ ಎಂತ ಹೇಳಿದ್ಲು ಗೊತ್ತುಂಟಾ? ನಮ್ಮಜ್ಜ ತೆಂಗಿನ ವ್ಯಾಪಾರಿ ಅಂತ. ಅದೂ ಒಳ್ಳೇ ಗುಜರಾತಿಯಲ್ಲಿ. ಕನ್ನಡದಲ್ಲಿ ಸುಳ್ಳು ಹೇಳುಕೆ ಬರುದಿಲ್ಲ ಪಾಪ ಅದಕ್ಕೆ."

ವಾಮನ ಚಟ್ನಿ ಕಲಸಿದ ಅನ್ನದ ಕಡೆ ಬಗ್ಗಿದ. ಹೇಳಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದವನಿಗೆ ಮೇಷದ ತನಕ ಹೋಗುವ ಧೈರ್ಯವೇ ಆಗಿರಲಿಲ್ಲ. ಮೀನಿನ ಹತ್ತಿರವೇ ಎಣಿಕೆ ನಿಲ್ಲುತ್ತಿತ್ತು.

*

ರಾಟೆ ತಯಾರಾಗುತ್ತಿದ್ದುದು ವಡೋದರದ ಮಕರಪುರ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ. ಅದರ ಮೇಲ್ವಿಚಾರಕ ಸಿದ್ದಲಿಂಗಪ್ಪ, ರೋಣದ ಕಡೆಯವನು. ವಾಮನನ ಪಂಪಿನ ಕಾಲದ ಗೆಳೆಯ, ಗುಜರಾತಿನಲ್ಲಿ ಅವನ ಗುಟ್ಟು ತಿಳಿದ ಒಬ್ಬನೇ ಗಂಡಸು.

"ನಮ್ಮೂರ ಕೆರಿಯೊಳಗ ಕಪ್ಪಿ ಹಿಡಿದಾವಲ್ಲ ನಾ. ನನ್ನ ಕೈಲೆ ಸಮುದ್ರದ ರಾಟಿ ಮಾಡಸಾಕತ್ತೀ," ಎಂದು ಅವನು ಡ್ರಮ್ಮಿಗೆ ಎಣ್ಣೆ ಒರೆಸುತ್ತ ನಕ್ಕ. "ಅಲ್ಲೋ ವಾಮನಾ, ನಾ ತಿನ್ನಂಗಿಲ್ಲ ಅಂತ ಎಲ್ಲಾರ ಮುಂದೂ ಹೇಳ್ತೀನಿ. ನೀ ತಿಂತೀನಿ ಅನ್ನಾಕ ಯಾಕ ಹೆದರತೀ?"

"ನಿಂಗೆ ಇಲ್ಲಿ ಹಾಗೆ ಹೇಳಿದ್ರೆ ಬಾಡಿಗೆ ಮನೆ ಸಿಗ್ತದೆ. ನಂಗೆ ಹೇಳಿದ್ರೆ ಇದ್ದ ಮನೆ ಹೋಗ್ತದೆ."

ಸಿದ್ದಲಿಂಗಪ್ಪ ಎಣ್ಣೆ ಬಟ್ಟೆ ಕೊಡವಿದ. "ಅದೂ ಖರೇನ ಬಿಡು."

ದೋಣಿಯನ್ನು ವೇರಾವಳದಲ್ಲಿ ಕೊಂಡು, ಮಾರ್ಪಾಟಿಗೆಂದು ಸೂರತ್ತಿನ ಮಗ್ದಲ್ಲಾ ಜೆಟ್ಟಿಗೆ ತಂದು ನಿಲ್ಲಿಸಿದ್ದರು. ಹಜೀರಾದ ಕಾರ್ಖಾನೆಗಳ ಚಿಮಣಿಗಳು ಕಾಣುವ ಜಾಗ, ವೆಲ್ಡಿಂಗಿನವರಿಗೆ ಬರವಿಲ್ಲ. ಉಕ್ಕಿನ ಹಳೆಯ ಟ್ರಾಲರು. ಅದನ್ನು ಆರಿಸಿದವನು ವಾಮನನೇ, ಉದ್ದ ನೋಡಿ ಆರಿಸಿದ್ದ. ಇಪ್ಪತ್ತು ಮೀಟರಿನೊಳಗಿದ್ದರೆ ಅದು ದೋಣಿ, ಇಲ್ಲಿಯ ನೋಂದಣಿ ಸಾಕು. ಇಪ್ಪತ್ತು ತಲುಪಿತೋ, ಅದು ಆಳಸಮುದ್ರದ ನೌಕೆ, ದೆಹಲಿಯ ಪರವಾನಗಿ ಬೇಕು. ಕಡಲು ಗುಜರಾತಿನ ಪಶ್ಚಿಮಕ್ಕಿದೆ, ದೆಹಲಿ ಉತ್ತರಕ್ಕಿದೆ. ದೆಹಲಿಯ ಕಡೆ ಹೊರಟ ದೋಣಿ ಕಡಲು ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ಆದ್ದರಿಂದ ವಾಮನ ಹತ್ತೊಂಬತ್ತರ ಚಿಲ್ಲರೆಯ ದೋಣಿಯನ್ನು ಹುಡುಕಿ ಹುಡುಕಿ ಕೊಂಡಿದ್ದ.

ನವರಾತ್ರಿಯಲ್ಲಿ ಪ್ರಬೋಧಭಾಯಿ ತೆಂಗಿನಕಾಯಿ ಒಡೆಯಲು ಬಂದರು. ವಾಮನ, ಸಿದ್ದಲಿಂಗಪ್ಪ ಇಬ್ಬರೂ ಇದ್ದರು. ದೋಣಿಯ ಒಂದೇ ಒಂದು ಒಲೆಯ ಮೇಲೆ ಉಮರಗಾಂವದ ಖಲಾಸಿಗಳು ಬೊಂಬಿಲ್ ಮೀನು ಕರಿಯುತ್ತಿದ್ದರು. ಪ್ರಬೋಧಭಾಯಿ ಮೂಗಿಗೆ ಕರವಸ್ತ್ರ ಒತ್ತಿದರು. ಬಾಯಲ್ಲಿ ನೀರೂರುತ್ತಿದ್ದ ವಾಮನನೂ ತನ್ನ ಕರವಸ್ತ್ರ ತೆಗೆದು ಮೂಗಿಗೆ ಒತ್ತಿದ. ಅದರಿಂದ ಒಂದು ಅನುಕೂಲವಾಯಿತು, ಬಾಯಿಯೂ ಮುಚ್ಚಿತು.

"ವಾಮನ್‌ಭಾಯ್, ತಿಂಗಳುಗಟ್ಟಲೆ ಸಮುದ್ರದಲ್ಲಿ ಇರ್ತೀರಿ. ನಿಮ್ಮ ಅಡುಗೆ ಎಲ್ಲಿ?"

ಸಿದ್ದಲಿಂಗಪ್ಪ ಬೇರೆ ಕಡೆ ನೋಡುವವನಂತೆ ನಿಂತು, ಮೊಣಕೈಯಿಂದ ವಾಮನನ ಪಕ್ಕೆ ತಿವಿದ. ಹೇಳಬೇಕಾದ ಹೊತ್ತು ಇದೇ ಎಂದು ವಾಮನನಿಗೂ ಗೊತ್ತಿತ್ತು. ಖಲಾಸಿಗಳ ಜೊತೆ ಉಣ್ಣುತ್ತೇನೆ ಎಂದರೆ ಮುಗಿಯುತ್ತಿತ್ತು.

"ಅಡ್ಜಸ್ಟ್ ಮಾಡ್ಕೋತೀನಿ ಶೇಠ್‌ಜಿ."

"ಧರ್ಮ ಅಡ್ಜಸ್ಟ್ ಆಗಲ್ಲ ಭಾಯ್. ನೀವು ನಮ್ಮ ಸಲುವಾಗಿ ಅಂಥ ಜಾಗಕ್ಕೆ ಹೋಗ್ತಿದ್ದೀರಿ. ನಿಮಗೊಂದು ಶುದ್ಧ ರಸೋಡು ಕಟ್ಟಿಸದಿದ್ರೆ ನನಗೆ ಊಟ ಇಳಿಯಲ್ಲ." ರಸೋಡು ಎಂದರೆ ಅಡುಗೆಮನೆ. ಹಾಗೆ ಹೇಳುವಾಗ ಪ್ರಬೋಧಭಾಯಿಯ ಕಣ್ಣು ನಿಜಕ್ಕೂ ತೇವವಾಗಿತ್ತು. ಅವರು ನಟಿಸುವವರಲ್ಲ, ನಟನೆಯ ವಿಭಾಗವನ್ನು ವಾಮನ ನೋಡಿಕೊಳ್ಳುತ್ತಿದ್ದ.

ಮುಂದುಗಡೆ ಖಲಾಸಿಗಳ ಬರ್ತು, ನಡುವೆ ಐಸಿನ ಉಗ್ರಾಣ, ಹಿಂದೆ ರಾಟೆ. ಜಾಗ ಉಳಿದದ್ದು ದೋಣಿಯ ಬಾಲದ ಆಚೆ, ಗಾಳಿಯಲ್ಲಿ. ಅಲ್ಲಿಗೊಂದು ಅಟ್ಟಣೆ ಚಾಚಿ ಅದರ ಮೇಲೆ ಅಡುಗೆಮನೆ ಎಂದು ತೀರ್ಮಾನವಾಯಿತು. ಅದು ಸೇರಿದರೆ ದೋಣಿ ಇಪ್ಪತ್ತು ಮೀಟರು ದಾಟುತ್ತದೆ ಎಂದು ವಾಮನ ಮನಸ್ಸಿನಲ್ಲೇ ಅಳೆದುಕೊಂಡ. ಆ ಸಂಜೆ ಸೂರತ್ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ ಸಿದ್ದಲಿಂಗಪ್ಪನೇ ಉಪಾಯ ಹೇಳಿದ.

"ನಾ ಅದಕ್ಕ ಬೋಲ್ಟ್ ಹಚ್ಚತೀನಿ. ಉದ್ದ ಅಳಿಯಾಕ ಸರ್ವೇದವ್ರು ಬರೋ ಮುಂದ ಬಿಚ್ಚಿ ದಂಡಿಮ್ಯಾಲೆ ಇಡು. ಅವ್ರು ಹ್ವಾದ ಮ್ಯಾಲೆ ಮತ್ತ ಹಚ್ಚು. ನಿನ್ನ ಸುಳ್ಳಿಗೂ ನಾನ ನಟ್ಟು ಬೋಲ್ಟ್ ಮಾಡಿಕೊಡಬೇಕು ನೋಡು."

*

ಬೋಲ್ಟಿನ ಅಡುಗೆಮನೆ ಕೂತಿತು. ವಾಮನ ರಾಟೆಯ ಪರೀಕ್ಷೆಗೆಂದು ಮಕರಪುರಕ್ಕೆ ಹೋದ. ಮರಳಿನ ಚೀಲ ಕಟ್ಟಿ ಎಳೆಸಿದರು. ಹಗ್ಗ ಜಗ್ಗಲಿಲ್ಲ, ಸಡಿಲಲಿಲ್ಲ. ತೊಟ್ಟಿಲು ತೂಗುವಷ್ಟು ಮೆತ್ತಗೆ ಬಂತು. ವಾಮನ ಅದರ ಹಿಡಿ ಹಿಡಿದು ಇನ್ನೊಮ್ಮೆ ಎಳೆಸಿದ, ಮತ್ತೊಮ್ಮೆ ಎಳೆಸಿದ. ಸಿದ್ದಲಿಂಗಪ್ಪ ತಮಾಷೆ ಮಾಡಲು ಹೊರಟವನು, ಅದನ್ನು ಬಿಟ್ಟು ಇನ್ನೊಂದು ಚೀಲ ಕಟ್ಟಿಕೊಟ್ಟ.

ದೀಪಾವಳಿ ಮುಗಿದ ಮೇಲೆ ಲಾರಿಯಲ್ಲಿ ರಾಟೆ ಹೇರಿಕೊಂಡು ವಾಮನ ಮಗ್ದಲ್ಲಾಕ್ಕೆ ಬಂದಾಗ, ಪ್ರಬೋಧಭಾಯಿ ಪೇಡೆಯ ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು.

"ಸರ್ಪ್ರೈಸ್," ಎಂದರು. "ನಿಮ್ಮ ಎಂಜಿನಿಯರ್ ಬೋಲ್ಟ್ ಹಾಕಿದ್ದ. ಬೋಲ್ಟ್ ಅಂದ್ರೆ ತೂತು. ತೂತು ಅಂದ್ರೆ ಡೆಕ್ಕಿನಿಂದ ಆ ಮಾಲಿನ ನೀರು ರಸೋಡಿಗೆ ಇಳಿಯುತ್ತೆ. ಪೂರ್ತಿ ವೆಲ್ಡ್ ಮಾಡಿಸಿಬಿಟ್ಟೆ. ನೋಡಿ, ಒಂದು ಸೂಜಿ ಹೋಗಲ್ಲ."

ಸೂಜಿ ಹೋಗುವಂತಿರಲಿಲ್ಲ. ಸುತ್ತಲೂ ಹೊಲಿಗೆ ಹಾಕಿದಂಥ ವೆಲ್ಡಿಂಗು. ಒಳಗೆ ಬಿಳಿ ಟೈಲ್ಸು, ಸಣ್ಣದೊಂದು ದೇವರ ಗೂಡು, ಎತ್ತರದ ಹೊಸಿಲು. ಹೊರಗೆ, ಹಿಂದೆ ಬರುವ ಹಡಗುಗಳಿಗೆಲ್ಲ ಕಾಣುವಂತೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಆಗಷ್ಟೇ ಬರತೊಡಗಿದ್ದ ಹಸಿರು ಚುಕ್ಕಿಯನ್ನು ಪರಾತದ ಗಾತ್ರಕ್ಕೆ ಬರೆಸಿದ್ದರು.

"ಹೆಂಗಿದೆ?"

"ಸಾರುಂ," ಎಂದ ವಾಮನ. ಪೇಡೆ ಬಾಯಲ್ಲಿತ್ತು.

ಗ್ಯಾಸ್ ಕಟರಿನವನನ್ನು ಕರೆಸಿದರೆ ಅರ್ಧ ದಿನದ ಕೆಲಸ. ಆದರೆ ಕರೆಸಬೇಕಾದರೆ ಏಕೆಂದು ಹೇಳಬೇಕು. ಅಡುಗೆಮನೆ ಬೇಡ ಎಂದರೆ, ಮತ್ತೆ ನೀವು ಏನು ತಿನ್ನುತ್ತೀರಿ ಎಂಬ ಪ್ರಶ್ನೆ ಬರುತ್ತದೆ. ಸರ್ವೆಯವರು ದೋಣಿಯ ಮೈಯನ್ನಷ್ಟೇ ಅಳೆದಾರು, ಬಾಲಕ್ಕೆ ಬಂದಾಗ ಟೇಪು ಸ್ವಲ್ಪ ದಯೆ ತೋರಿಸೀತು ಎಂದು ವಾಮನ ತನಗೆ ತಾನೇ ಹೇಳಿಕೊಂಡ. ಜಪಾನಿಗೆ ಹೋಗುವ ಟ್ಯೂನಾವನ್ನು ಒಂದೇ ಏಟಿಗೆ ಮುಗಿಸಬಲ್ಲವನಿಗೆ ಒಂದು ಮಾತನ್ನು ಒಂದೇ ಏಟಿಗೆ ಹೇಳಲು ಬರಲಿಲ್ಲ.

*

ಗುಜರಾತಿನ ವ್ಯಾಪಾರಿಗಳು ಹೊಸ ಲೆಕ್ಕ ತೆರೆಯುವ ಲಾಭಪಂಚಮಿಯ ದಿನ ದೋಣಿ ಹೊರಡಬೇಕೆಂದು ಪ್ರಬೋಧಭಾಯಿಯ ಹಟ. ಅದರ ಹಿಂದಿನ ಬೆಳಿಗ್ಗೆ ಸರ್ವೇಯರ್ ಬಂದರು. ಜೀಪಿನಿಂದ ಇಳಿಯುತ್ತಲೇ ಸಿದ್ದಲಿಂಗಪ್ಪ ಹುಡುಗರಿಗೆ ಬೈಯುತ್ತಿದ್ದ ಕನ್ನಡ ಕೇಳಿ ಅರಳಿದರು. ಹೆಸರು ಶೇಷಾದ್ರಿ, ಮೈಸೂರಿನವರು, ಕೇಂದ್ರ ಸರ್ಕಾರದ ವರ್ಗಾವಣೆಯ ಮೇಲೆ ಸೂರತ್ತಿಗೆ ಬಂದು ವರ್ಷವಾಗಿತ್ತು.

"ಕನ್ನಡ ಕೇಳಿ ಎಷ್ಟು ದಿನ ಆಗಿತ್ತು ಗೊತ್ತಾ? ಮನೇಲಿ ಮಾತಾಡ್ತೀವಿ, ಆದ್ರೆ ಮನೆಯವಳು ಬೈಯೋದು ಲೆಕ್ಕಕ್ಕಿಲ್ಲ ಬಿಡಿ."

ವಾಮನನ ಎದೆ ಹಗುರಾಯಿತು. ನಮ್ಮವರು. ಪ್ರಬೋಧಭಾಯಿ ದಕ್ಷಿಣದ ಸಾಹೇಬರಿಗೆಂದು ಹೊಸ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡಿಸಿದ್ದರು. ಅಲ್ಲಿ ಬೆಂದ ಮೊದಲ ಅಡುಗೆ. ಶೇಷಾದ್ರಿ ಹೊಸಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕೂತು, ಎರಡು ಸಲ ಹಾಕಿಸಿಕೊಂಡು ತಿಂದರು. "ಸಮುದ್ರದ ದೋಣೀಲಿ ಇಷ್ಟು ಮಡಿ ನಾನು ನೋಡಿಲ್ಲ," ಎಂದರು. ಕೈ ತೊಳೆದರು. ಆಮೇಲೆ ಟೇಪು ಬಿಚ್ಚಿದರು.

ಮೂತಿಯಿಂದ ಹೊರಟ ಟೇಪು ಬರ್ತು ದಾಟಿತು, ಉಗ್ರಾಣ ದಾಟಿತು, ರಾಟೆ ದಾಟಿತು. ದೋಣಿಯ ಹಳೆಯ ಅಂಚಿಗೆ ಬಂದಾಗ ವಾಮನ ಸುಮ್ಮನೆ ಅಲ್ಲಿ ಪಾದ ಇಟ್ಟು ನಿಂತ. ಶೇಷಾದ್ರಿ ಅವನ ಪಾದವನ್ನು ಸೌಜನ್ಯದಿಂದ ಸುತ್ತು ಬಳಸಿ, ಟೇಪನ್ನು ಹಸಿರು ಚುಕ್ಕಿಯವರೆಗೆ ಒಯ್ದರು. ಕನ್ನಡಕ ಹಣೆಗೇರಿಸಿ ಓದಿದರು. ಮತ್ತೊಮ್ಮೆ ಓದಿದರು. ಬರೆದರು.

"ಇಪ್ಪತ್ತರ ಮೇಲೆ ಒಂದು ಗೇಣು ಹೋಯ್ತಲ್ಲ."

"ಸಾರ್, ಅದು ಅಡುಗೆಮನೆ. ದೋಣಿ ಅಲ್ಲ."

"ಬೋಲ್ಟ್ ಹಾಕಿದ್ರೆ ಸಾಮಾನು. ವೆಲ್ಡ್ ಮಾಡಿದ್ರೆ ದೋಣಿ." ಶೇಷಾದ್ರಿ ಬೆರಳಿನಿಂದ ವೆಲ್ಡಿಂಗ್ ಹೊಲಿಗೆ ಸವರಿದರು. "ಒಳ್ಳೇ ಕೆಲಸ. ಎಲ್ಲೂ ಸಂದಿಲ್ಲ. ಬಿಚ್ಚೋ ಹಾಗಿದ್ದಿದ್ರೆ ನಾನು ಲೆಕ್ಕಕ್ಕೆ ತಗೋತಿರಲಿಲ್ಲ."

ಸಿದ್ದಲಿಂಗಪ್ಪ ಆಕಾಶ ನೋಡಿದ.

"ಕತ್ತರಿಸಿಬಿಡ್ತೇನೆ ಸಾರ್. ಈಗಲೇ."

"ಏನು ಹೇಳ್ತಿದ್ದಾರೆ ಸಾಹೇಬರು?" ಪ್ರಬೋಧಭಾಯಿ ಹಿಂದಿಯಲ್ಲಿ ಕೇಳಿದರು. ಉದ್ದ ಹೆಚ್ಚಾಗಿದೆ, ರಸೋಡು ಕತ್ತರಿಸಬೇಕು ಎಂದು ವಾಮನ ಹೇಳಿದಾಗ ಅವರು ಹೌಹಾರಿದರು. "ಕತ್ತರಿಸೋದಾ? ಪೂಜೆ ಆಗಿದೆ. ನೀವು ಉಪವಾಸ ಸಾಯ್ತೀರಾ?"

ಅಷ್ಟರಲ್ಲಿ ಶೇಷಾದ್ರಿ ಅರ್ಜಿಯ ಮೇಲಿನ ಹೆಸರು ಓದಿ ಮತ್ತೆ ಅರಳಿದ್ದರು. "ಹರಿಕಂತ್ರ. ನೀವು ಅಂಕೋಲಾನಾ, ಕುಮಟಾನಾ?"

"ತದಡಿ."

"ಕಾರವಾರದಲ್ಲಿ ಇದ್ದೆ ನಾನು. ಪಕ್ಕದ ಮನೆ ಹರಿಕಂತ್ರರದ್ದೇ. ಒಳ್ಳೇ ಜನ. ಬಂಗಡೆ ಕಾಲ ಬಂದ್ರೆ ನಮ್ಮನೆಯವಳು ಕಿಟಕಿ ತೆಗೀತಿರಲಿಲ್ಲ, ಅಷ್ಟೇ." ನಗುತ್ತಿದ್ದವರು ನಿಲ್ಲಿಸಿ, ಬಿಳಿ ಟೈಲ್ಸಿನ ಕಡೆ ನೋಡಿದರು. "ಅಲ್ಲ, ಹಾಗಾದ್ರೆ ಈ ಅಡುಗೆಮನೆ ಯಾರಿಗೆ?"

"ಏನು ಕೇಳಿದ್ರು?" ಎಂದರು ಪ್ರಬೋಧಭಾಯಿ.

ವಾಮನ ರಾಟೆಯ ಮೇಲೆ ಕೈಯಿಟ್ಟ. ಅದರಲ್ಲಿ ಹೊಸ ಹಗ್ಗ ಸುತ್ತಿತ್ತು, ಇನ್ನೂ ಒಂದು ಹನಿ ಉಪ್ಪುನೀರು ಕಾಣದ್ದು.

"ಅಡುಗೆಮನೆ ಯಾರಿಗೆ ಅಂತ ಕೇಳಿದ್ರು ಶೇಠ್‌ಜಿ."

"ನಿಮಗೆ ಅನ್ನಿ."

"ನನಗೆ ಬೇಡ. ಖಲಾಸಿಗಳು ತಿನ್ನೋದೇ ನಾನೂ ತಿನ್ನೋದು. ಹುಟ್ಟಿದಾಗಿಂದ ಮೀನು ತಿನ್ನೋನು ನಾನು."

ಪ್ರಬೋಧಭಾಯಿಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಾಯಿ ಮಾತ್ರ ಅಭ್ಯಾಸಬಲದಿಂದ ತಿದ್ದಿತು. "ಮಾಲು ಅನ್ನಿ."

ಮುಂದುಗಡೆ ಯಾರೋ ಖಲಾಸಿ ಬಕೆಟ್ಟು ಎಳೆಯುತ್ತಿದ್ದ.

ಪ್ರಬೋಧಭಾಯಿ ವ್ಯಾಪಾರಿ. ನೋವನ್ನು ಒಂದು ಕಡೆ ಎತ್ತಿಟ್ಟು, ದೋಣಿಯನ್ನು ಇನ್ನೊಂದು ಕಡೆ ಇಟ್ಟು ತೂಗಿದರು. "ಹಂಗಾದ್ರೆ ಕತ್ತರಿಸಿ," ಎಂದರು. "ದೇವರ ಗೂಡು ಮೊದಲು ಇಳಿಸಿ. ನಾಳೆ ಪಂಚಮಿ, ದೋಣಿ ಹೋಗಲೇಬೇಕು."

ವಾಮನನ ಕಿವಿಯಲ್ಲಿ ಮಿನಿಕಾಯ್‌ನ ಧೊಪ್ ಸದ್ದು ಕೇಳಿತು. ಅವನು ಕಟರಿನವನನ್ನು ಕೂಗಲು ತಿರುಗಿದ.

"ಒಂದ್ನಿಮಿಷ," ಎಂದರು ಶೇಷಾದ್ರಿ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಈಗ ಕತ್ತರಿಸೋ ಹಾಗಿಲ್ಲ. ಅಳತೆ ಆಗೋಯ್ತು, ಬರೆದೂ ಆಯ್ತು. ಇಪ್ಪತ್ತು ದಾಟಿದ್ದು ಇನ್ನು ಇಲ್ಲಿಯ ದೋಣಿ ಅಲ್ಲ, ದೆಹಲಿಯ ವ್ಯಾಪ್ತಿಗೆ ಹೋಯ್ತು. ಅವರ ನೌಕೇಲಿ ಒಂದು ಮೊಳೆ ಕೀಳಬೇಕಾದ್ರೂ ಅವರ ಒಪ್ಪಿಗೆ ಬೇಕು."

"ಒಪ್ಪಿಗೆ ಯಾವಾಗ ಬರ್ತದೆ ಸಾರ್?"

"ಬೇಗ ಬರುತ್ತೆ. ಮಳೆಗಾಲದ ಹೊತ್ತಿಗೆ."

ಮಳೆಗಾಲದಲ್ಲಿ ಕಡಲಿಗೆ ಯಾವ ದೋಣಿಯೂ ಇಳಿಯುವಂತಿಲ್ಲ.

"ನೀವು ನನಗೊಂದು ಮಾತು ಮುಂಚೆ ಹೇಳಬಾರದಿತ್ತಾ?" ಶೇಷಾದ್ರಿ ಟೇಪು ಸುತ್ತುತ್ತ ಕನ್ನಡದಲ್ಲಿ ಮೆಲ್ಲಗೆ ಅಂದರು. "ಅಡುಗೆಮನೆ ಬೇಡ, ತೆಗೀತೀವಿ ಅಂದಿದ್ರೆ ಉಪ್ಪಿಟ್ಟು ತಿಂದು ಹೋಗಿ ನಾಳೆ ಬರ್ತಿದ್ದೆ."

ಸಾವಿರಾರು ಕೊಕ್ಕೆ ಹೊತ್ತ ದೋಣಿ ಒಂದೇ ಕೊಕ್ಕೆಗೆ ಸಿಕ್ಕಿಕೊಂಡು ನಿಂತಿತ್ತು. ಸಿದ್ದಲಿಂಗಪ್ಪ ರಾಟೆಯ ಮೇಲೆ ಟಾರ್ಪಾಲು ಎಳೆಯತೊಡಗಿದ, ಮುಖ ಮುಚ್ಚುವವನಂತೆ. ಪ್ರಬೋಧಭಾಯಿ ಜೆಟ್ಟಿಗೆ ಇಳಿದು, ಮೊಬೈಲಿನಲ್ಲಿ ಯಾರಿಗೋ ಸೋಲಾರಿನ ಬಗ್ಗೆ ವಿಚಾರಿಸುತ್ತಿದ್ದರು.

ವಾಮನ ಹೊಸಿಲು ದಾಟಿ ಅಡುಗೆಮನೆಯೊಳಗೆ ಹೋದ. ತನಗೆಂದೇ ಕಟ್ಟಿದ ಜಾಗ, ಆವರೆಗೆ ಅದರೊಳಗೆ ಸರಿಯಾಗಿ ನಿಂತೂ ಇರಲಿಲ್ಲ. ಬಾಣಲೆಯ ತಳದ ಉಪ್ಪಿಟ್ಟನ್ನು ಬೊಗಸೆಯಲ್ಲಿ ಗೋರಿ ಕಿಟಕಿಯಿಂದ ತಾಪಿ ನದಿಗೆ ಎರಚಿದ. ಮರಿಮೀನುಗಳು ಮುಗಿಬಿದ್ದವು. ನೀರು ಸುಕ್ಕಾಯಿತು, ಕೊತಕೊತ ಎಂದಿತು. ಎಲ್ಲಿದ್ದವೋ, ಹಕ್ಕಿಗಳು ಕೆಳಗಿಳಿದು ಕುಕ್ಕತೊಡಗಿದವು.

"ವಾಮನ್‌ಭಾಯ್." ಪ್ರಬೋಧಭಾಯಿ ಫೋನಿನ ಬಾಯಿಗೆ ಕೈ ಮುಚ್ಚಿ ಜೆಟ್ಟಿಯಿಂದ ಕರೆದರು. ದನಿ ಯಾವತ್ತಿನಷ್ಟೇ ಮೃದುವಾಗಿತ್ತು. "ಅಲ್ಲಿ ನಿಲ್ಲಬೇಡಿ. ಬೇಜಾರು ಮಾಡ್ಕೋಬೇಡಿ, ಅದು ಶುದ್ಧ ಜಾಗ."

ವಾಮನ ಹೊಸಿಲು ದಾಟಿ ಇಪ್ಪತ್ತು ಮೀಟರಿನ ಒಳಕ್ಕೆ ಬಂದು ನಿಂತ. ದೋಣಿ ಮಾತ್ರ ಒಳಕ್ಕೆ ಬರಲಿಲ್ಲ.